ಬಿಲ್ಲೆ ತೂಕ

ಆ ಕಾರ್ಖಾನೆಯಲ್ಲಿ ದಪ್ಪಗಾಗುವುದು ಕಳ್ಳತನವಾಗಿತ್ತು.

ಹಿತ್ತಾಳೆ ನಲ್ಲಿ ಮಾಡುವ ಕಾರ್ಖಾನೆ. ಹಿತ್ತಾಳೆ ಕರಗಿಸಿ ಅಚ್ಚಿಗೆ ಹೊಯ್ಯುವುದು ಗಂಡಸರ ಕೆಲಸ. ಆರಿದ ಮೇಲೆ ಮರಳು ಕೊಡವಿ, ಚೂಪುಗಳನ್ನು ಮುರಿದು, ಅರ ಹಾಕಿ ತಿಕ್ಕಿ, ಹೊಳಪು ಬರಿಸುವುದು ಹೆಂಗಸರ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕಾಲು ಮಡಚಿ ಕೂತು ತಿಕ್ಕಬೇಕು. ಪುಡಿ ಹಾರಿ ಕೂದಲಿಗೆ, ರೆಪ್ಪೆಗೆ, ಉಗುರಿನ ಸಂದಿಗೆ ಹೋಗಿ ಕೂರುತ್ತದೆ. ಸಂಜೆ ಬಿಸಿಲಿಗೆ ಬಂದರೆ ಮೈಯೆಲ್ಲ ಚಿನ್ನ. ಮನೆಗೆ ಹೋದರೆ ಆರಿದ ಒಲೆಯಲ್ಲಿ ಬೆಕ್ಕು ಮಲಗಿರುತ್ತದೆ.

ಹಿಂದೆ ಯಾವಾಗಲೋ ಯಾರೋ ಒಬ್ಬಳು ಸೊಂಟಕ್ಕೆ ನಾಲ್ಕು ನಲ್ಲಿ ಸಿಕ್ಕಿಸಿಕೊಂಡು ಹೋದಳಂತೆ. ಕಂಡವರು ಒಬ್ಬರೂ ಇಲ್ಲ, ಕೇಳಿದವರೇ ಎಲ್ಲ. ಧಣಿಗೆ ಮಾತ್ರ ನಿದ್ದೆ ಹೋಯಿತು. ಮಾಲಿನ ಮೂಟೆ ತೂಗುವ ತಕ್ಕಡಿಯನ್ನು ಹೆಂಗಸರ ಗೇಟಿನ ಬಾಯಿಗೆ ತರಿಸಿ ಇಡಿಸಿದ. ನಿಲ್ಲಲು ಕಬ್ಬಿಣದ ಹಾಸು, ಎದೆಮಟ್ಟಕ್ಕೆ ಗಡಿಯಾರದಂಥ ಮುಖ, ಅದರಲ್ಲಿ ಒಂದು ಕೆಂಪು ಮುಳ್ಳು. ಬೆಳಗ್ಗೆ ಬರುವಾಗ ತೂಗು, ಸಂಜೆ ಹೋಗುವಾಗ ತೂಗು. ಬೆಳಗಿನ ಸಾಲು ಹನುಮಂತನ ಬಾಲವಾಯಿತು, ಕೆಲಸ ಶುರುವಾಗುವುದು ತಡವಾಯಿತು. ಆಗ ಧಣಿ ಬೆಳಗಿನ ತೂಕವನ್ನು ಕೈಬಿಟ್ಟ. ಅದರ ಬದಲಿಗೆ ಕೆಲಸಕ್ಕೆ ಸೇರಿದ ದಿನವೇ ಹೆಣ್ಣನ್ನು ತೂಗಿ, ಆ ತೂಕವನ್ನು ಹಿತ್ತಾಳೆ ಬಿಲ್ಲೆಯ ಮೇಲೆ ಒತ್ತಿಸಿ, ಕೊರಳಿಗೆ ಕಟ್ಟಿಸಿದ. ಇನ್ನು ನಿನ್ನ ತೂಕ ಇಷ್ಟೇ. ಸಂಜೆ ತಕ್ಕಡಿಯ ಮುಳ್ಳು ಬಿಲ್ಲೆಗಿಂತ ಒಂದು ಕಿಲೋ ಮೇಲೆ ಹೋದರೆ ನೀನು ಪರದೆಯ ಹಿಂದೆ ಹೋಗಬೇಕು.

ಪರದೆ ಗೇಟಿನ ಪಕ್ಕದಲ್ಲೇ ಇತ್ತು. ಮೊಣಕಾಲಿನವರೆಗೆ ಮಾತ್ರ ಇತ್ತು. ಒಳಗೆ ಬಟ್ಟೆ ಬಿಚ್ಚಿಸಿದರೆ ಅದು ಪಾದದ ಮೇಲೆ ಬೀಳುವುದು ಸಾಲಿನಲ್ಲಿ ನಿಂತವರಿಗೆಲ್ಲ ಕಾಣುತ್ತಿತ್ತು. ಬಿಚ್ಚಿಸುವವಳನ್ನು ಎಲ್ಲರೂ ಪರದೆ ಅಕ್ಕ ಎನ್ನುತ್ತಿದ್ದರು. ಅವಳೂ ಮೊದಲು ಅರ ಹಿಡಿದವಳೇ. ಬೆರಳು ನಜ್ಜಾದ ಮೇಲೆ ಈ ಕೆಲಸಕ್ಕೆ ಹಾಕಿದ್ದರು.

ಗಂಡಸರಿಗೆ ಬೇರೆ ಗೇಟು. ಅಲ್ಲಿ ತಕ್ಕಡಿ ಇರಲಿಲ್ಲ. ಜೇಬು ತಟ್ಟಿ ತೋರಿಸಿದರೆ ಆಯಿತು, ಹೊಟ್ಟೆಯನ್ನು ಯಾರೂ ಕೇಳುತ್ತಿರಲಿಲ್ಲ.

ಹೆಂಗಸರೇನು ಕಡಿಮೆಯೇ? ಧಣಿ ಚಾಪೆ ಕೆಳಗೆ ತೂರಿದರೆ ತಾವು ರಂಗೋಲಿ ಕೆಳಗೆ ತೂರುವುದನ್ನು ಕಲಿತುಕೊಂಡರು. ಬಿಲ್ಲೆ ಹೊಡೆಸುವ ದಿನ ಜಾಣೆಯರು ಒಳಲಂಗದ ನೆರಿಗೆಯಲ್ಲಿ ಕಲ್ಲು ಕಟ್ಟಿಕೊಂಡು, ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಹೋಗುತ್ತಿದ್ದರು. ಮುಂದಿನ ಹತ್ತು ವರ್ಷದ ಕೊಬ್ಬನ್ನು ಅವರು ಆವತ್ತೇ ಗಳಿಸಿಬಿಡುತ್ತಿದ್ದರು. ದಡ್ಡಿಯರು ಬರಿಗೈಯಲ್ಲಿ ಹೋಗುತ್ತಿದ್ದರು. ಕಡ್ಡಿಯಂತೂ ಜ್ವರ ಬಿಟ್ಟ ಮಾರನೆಯ ದಿನ ಹೋಗಿದ್ದಳು.

ಕಡ್ಡಿ ಎನ್ನುವುದು ಅವಳಿಗೆ ಜೊತೆಯವರು ಇಟ್ಟ ಹೆಸರು. ಗಾಳಿ ಬಂದರೆ ಬಾಗಿಲು ಹಿಡಿದುಕೊಳ್ಳುವಂಥ ಮೈ. ಜ್ವರದಲ್ಲಿ ಇದ್ದಬದ್ದದ್ದೂ ಇಳಿದು, ಬಿಲ್ಲೆಯ ಮೇಲೆ ಒತ್ತಿದ ಅಂಕಿ ನೋಡಿ ಒತ್ತಿದವನೇ ನಕ್ಕಿದ್ದ. ಮದುವೆಯಾದ ಮೇಲೆ ಆ ಅಂಕಿಯೇ ಅವಳಿಗೆ ಉರುಳಾಯಿತು. ಯಾಕೆಂದರೆ ಅವಳು ಬಸುರಿಯಾದಳು.

ಬಸುರಿಯಾದ ಮೊದಲ ತಿಂಗಳುಗಳಲ್ಲಿ ತೊಂದರೆ ಇರಲಿಲ್ಲ. ತಿಂದದ್ದೆಲ್ಲ ವಾಂತಿ. ತಕ್ಕಡಿಗೆ ಬಹಳ ಸಂತೋಷ. ವಾಂತಿ ನಿಂತು ಹಸಿವು ಶುರುವಾದಾಗ ಕಡ್ಡಿಗೆ ದಿಗಿಲಾಯಿತು. ಮುಳ್ಳು ಬಿಲ್ಲೆಯ ಅಂಚಿಗೆ ಬಂದು ನಿಂತಿತು. ಒಂದು ಸಲ ಪರದೆಯ ಹಿಂದೆ ಹೋದರೆ ಕಳ್ಳಿ ಎನ್ನುವ ಮಾತು ಹತ್ತುತ್ತದೆ. ಮೂರು ಸಲ ಹೋದರೆ ಕೆಲಸ ಹೋಗುತ್ತದೆ. ಗಂಡ ಗಾರೆ ಕೆಲಸದವನು, ಕಟ್ಟಡ ಎದ್ದರೆ ಊಟ, ಏಳದಿದ್ದರೆ ನಿಟ್ಟುಸಿರು. ಹಾಗಾಗಿ ಕಡ್ಡಿ ಮಧ್ಯಾಹ್ನದ ಬುತ್ತಿಯನ್ನು ಪಕ್ಕದಲ್ಲಿ ಕೂತು ತಿಕ್ಕುವ ವಟವಟೆಗೆ ತಳ್ಳತೊಡಗಿದಳು. ವಟವಟೆ ಕಲ್ಲು ಕಟ್ಟಿಕೊಂಡು ಬಿಲ್ಲೆ ಹೊಡೆಸಿದ ಜಾಣೆ. ಬಾಯಿ ಎರಡು ಕೆಲಸಕ್ಕೆ ಸದಾ ತೆರೆದೇ ಇರುತ್ತಿತ್ತು.

ಮನೆಯಲ್ಲಿ ಇನ್ನೊಂದು ಕಷ್ಟ. ಅತ್ತೆ ಹಾಸ್ಟೆಲಿನಲ್ಲಿ ಅಡುಗೆಯಾಕೆ. ನೂರಾರು ಮಕ್ಕಳಿಗೆ ಬೇಯಿಸಿ ಹಾಕುವವಳು. ಅವಳು ಬಡಿಸಿದ ತಟ್ಟೆಯಲ್ಲಿ ಅನ್ನ ಉಳಿದರೆ ಅದು ಅವಳ ಮಾನದ ಪ್ರಶ್ನೆ.

"ಉಪ್ಪು ಜಾಸ್ತಿಯಾಯ್ತಾ?" ಎಂದು ಕೇಳುವಳು.

"ಇಲ್ಲ ಅತ್ತೆ, ಹೊಟ್ಟೆ ತೊಳಸುತ್ತೆ."

"ಕಡಿಮೆಯಾಯ್ತಾ?"

"ಇಲ್ಲ ಅತ್ತೆ."

"ಹಾಗಾದ್ರೆ ನನ್ನ ಮುಖ ನೋಡಿದ್ರೆ ತೊಳಸುತ್ತಾ? ನೇರವಾಗಿ ಹೇಳು. ಗೋಡೆ ಕಡೆ ತಿರುಗಿ ಬಡಿಸ್ತೀನಿ."

ಕಡ್ಡಿ ನಿಜ ಹೇಳಲಿಲ್ಲ. ಹೇಳಿದರೆ ಅತ್ತೆ ಸೌಟು ಹಿಡಿದು ನೇರ ಗೇಟಿಗೆ ಹೋಗುವವಳೇ. ಆಮೇಲೆ ಕೆಲಸವೂ ಇಲ್ಲ, ಸೌಟೂ ಇಲ್ಲ.

ಆಸ್ಪತ್ರೆಗೆ ತೋರಿಸುವ ದಿನ ಅತ್ತೆ ಜೊತೆಗೆ ಬಂದಳು. ಸಣ್ಣ ಕೋಣೆ, ಉದ್ದನೆಯ ಬೆಂಚು, ಬೆಂಚಿನ ತುಂಬ ಹೊಟ್ಟೆಗಳು. ನರ್ಸಮ್ಮ ಕಡ್ಡಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿದಳು. ಕಡ್ಡಿ ರೂಢಿಯಂತೆ ಚಪ್ಪಲಿ ಬಿಟ್ಟಳು, ಬಳೆ ತೆಗೆದಳು, ಕೂದಲಿನ ಪಿನ್ನನ್ನೂ ತೆಗೆದು ಅತ್ತೆಯ ಕೈಗೆ ಕೊಟ್ಟಳು. ಉಸಿರು ಬಿಗಿಹಿಡಿದು ನಿಂತಳು.

"ಉಸಿರು ಬಿಡು ತಾಯಿ, ಅದಕ್ಕೆ ತೂಕ ಇಲ್ಲ," ಎಂದಳು ನರ್ಸಮ್ಮ. ಮುಳ್ಳು ನೋಡಿದಳು. ಮುಖ ಗಂಟಾಯಿತು. "ಏನಮ್ಮ ಇದು. ಹೋದ ತಿಂಗಳು ಎಷ್ಟಿದ್ದೆಯೋ ಅಷ್ಟೇ ಇದ್ದೀಯ. ಇಷ್ಟೊತ್ತಿಗೆ ವಾರ ವಾರ ಸ್ವಲ್ಪ ಸ್ವಲ್ಪ ಏರಬೇಕು."

"ಏರಿದ್ರೆ ತಪ್ಪಲ್ವಾ?" ಎಂದಳು ಕಡ್ಡಿ.

"ಏರದಿದ್ರೆ ತಪ್ಪು. ನಿನ್ನಂಥ ತೆಳ್ಳನೆಯವಳು ಒಂಬತ್ತು ತಿಂಗಳಲ್ಲಿ ಹನ್ನೆರಡು ಹದಿಮೂರು ಕಿಲೋವಾದ್ರೂ ಏರಬೇಕು, ಇನ್ನೂ ಸ್ವಲ್ಪ ಹೆಚ್ಚಾದ್ರೂ ಸರಿ. ಅದೆಲ್ಲ ಕೊಬ್ಬಲ್ಲ. ಮಗು, ಮಗು ಸುತ್ತ ನೀರು, ಮಾಸು, ಮೈಯಲ್ಲಿ ಹೆಚ್ಚೋ ರಕ್ತ, ಆಮೇಲೆ ಹಾಲಿಗೆ ಅಂತ ಒಂದಿಷ್ಟು. ತಾಯಿ ಏರದಿದ್ರೆ ಮಗು ಎಲ್ಲಿಂದ ಏರುತ್ತೆ? ತೂಕ ಇಲ್ಲದ ಮಗು ಹುಟ್ಟಿದ್ರೆ ಉಳಿಸಿಕೊಳ್ಳೋದು ಕಷ್ಟ."

ಅತ್ತೆ ಎದ್ದು ನಿಂತಳು. "ಕೇಳಿ ನರ್ಸಮ್ಮ, ಇಬ್ಬರ ಊಟ ಕಟ್ಟಿಕೊಡ್ತೀನಿ ನಾನು. ಡಬ್ಬಿ ತೊಳೆದಿಟ್ಟ ಹಾಗೆ ವಾಪಸ್ ಬರುತ್ತೆ. ಇವಳು ಹೀಗೇ. ಎಲ್ಲಿ ಹೋಗುತ್ತೆ ಅನ್ನ?"

"ಇಬ್ಬರ ಊಟ ಏನೂ ಬೇಡ ಅಜ್ಜಿ. ಒಳಗಿರೋದು ಗೇಣುದ್ದದ ಕೂಸು, ಪೈಲ್ವಾನ್ ಅಲ್ಲ. ದಿನದ ಊಟದ ಜೊತೆ ಇನ್ನೊಂದು ಸಣ್ಣ ಊಟ ಸಾಕು. ಬೇಳೆ, ಸೊಪ್ಪು, ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿ. ನೀರು ಚೆನ್ನಾಗಿ ಕುಡೀಬೇಕು."

ನೀರು ಎನ್ನುವ ಮಾತಿಗೆ ಕಡ್ಡಿಗೆ ತಡೆಯಲಾಗಲಿಲ್ಲ. ನಲ್ಲಿ ಮಾಡುವ ಕಾರ್ಖಾನೆಯಲ್ಲಿ ಅವಳು ಮಧ್ಯಾಹ್ನದ ಮೇಲೆ ಒಂದು ಗುಟುಕು ನೀರು ಕುಡಿದು ಎಷ್ಟು ಕಾಲವಾಗಿತ್ತು. ಕುಡಿದರೆ ಮುಳ್ಳು ಏರುತ್ತದೆ.

"ಅಲ್ಲಿ ಏರಿದ್ರೆ ಬಟ್ಟೆ ಬಿಚ್ಚಿಸ್ತಾರೆ," ಎಂದಳು. "ಇಲ್ಲಿ ಏರದಿದ್ರೆ ಬೈತೀರಿ. ಇರೋದು ಒಂದೇ ಮೈ. ಯಾವ ತಕ್ಕಡಿಗೆ ಕೊಡ್ಲಿ?"

ಕೊರಳಿನ ಬಿಲ್ಲೆ ತೆಗೆದು ತೋರಿಸಿದಳು. ಡಬ್ಬಿಯ ಅನ್ನ ಎಲ್ಲಿ ಹೋಗುತ್ತದೆ ಎನ್ನುವುದನ್ನೂ ಹೇಳಿದಳು. ನರ್ಸಮ್ಮ ಬಿಲ್ಲೆಯನ್ನು ಹಿಂದುಮುಂದು ತಿರುಗಿಸಿ ನೋಡಿದಳು. ಮೊದಲು ನಕ್ಕಳು. ಆಮೇಲೆ ನಗಲಿಲ್ಲ.

ಮನೆ ಬಾಗಿಲಿಗೆ ಬಂದ ಮೇಲೆ ಅತ್ತೆ ಹೇಳಿದಳು, "ಇಷ್ಟು ದಿನ ನನ್ನ ಕೈರುಚಿ ಕೆಟ್ಟಿತು ಅಂದ್ಕೊಂಡಿದ್ದೆ. ಕದ್ದು ಅತ್ತಿದ್ದೀನಿ ಗೊತ್ತಾ. ಈರುಳ್ಳಿ ಅಂತ ನಿನ್ನ ಗಂಡನಿಗೆ ಸುಳ್ಳು ಹೇಳ್ತಿದ್ದೆ."

"ತಪ್ಪಾಯ್ತು ಅತ್ತೆ."

"ನಾಳೆಯಿಂದ ತಿನ್ನು. ಮುಳ್ಳು ಏರಲಿ. ಏರಿದ ಮೇಲೆ ನೋಡೋಣ."

"ಕೆಲಸ ಹೋದ್ರೆ?"

"ಕೆಲಸ ಹೋದ್ರೆ ಇನ್ನೊಂದು ಹುಡುಕಬಹುದು. ಕೂಸು ಹೋದ್ರೆ ಯಾವ ಗೇಟಿಗೆ ಹೋಗಿ ಕೇಳ್ತೀಯ?"

ಮಾರನೆಯ ದಿನ ಮಧ್ಯಾಹ್ನ ವಟವಟೆ ರೂಢಿಯಂತೆ ಕೈ ಚಾಚುವ ಬದಲು ಮುಖ ತಿರುಗಿಸಿ ಕೂತಿದ್ದಳು. ಹಿಂದಿನ ಸಂಜೆ, ಕಡ್ಡಿ ರಜೆಯಲ್ಲಿದ್ದಾಗ, ಅವಳು ಪರದೆಯ ಹಿಂದೆ ಹೋಗಿ ಬಂದಿದ್ದಳು. ಕಲ್ಲಿನಿಂದ ಗಳಿಸಿದ್ದ ಕಿಲೋಗಳೆಲ್ಲ ಕಡ್ಡಿಯ ಬುತ್ತಿ ತಿಂದೇ ಖರ್ಚಾಗಿದ್ದವು.

"ನಿನ್ನ ಬಸುರು ನನ್ನ ಹೊಟ್ಟೇಲಿ ಬೆಳೀತಿದೆ ಕಣೇ," ಎಂದಳು ವಟವಟೆ. "ಹೆರಿಗೆ ನೋವೂ ನನಗೇ ಬರುತ್ತೇನೋ. ನಿನ್ನ ಡಬ್ಬಿ ನೀನೇ ತಿನ್ನು. ನಿನ್ನ ಅತ್ತೆ ಆ ಬೇಳೆ ಹಾಗೆ ಮಾಡಬಾರದು. ಹಾಳಾದ್ದು, ಬಿಡೋಕಾಗಲ್ಲ."

ಕಡ್ಡಿ ತಿಂದಳು. ಪೂರ್ತಿ ತಿಂದಳು. ತಿಂದು ಒಂದು ಚೊಂಬು ನೀರು ಕುಡಿದಳು. ವಟವಟೆ ಅವಳ ಗಂಟಲು ಏರಿಳಿಯುವುದನ್ನೇ ನೋಡುತ್ತ ಕೂತಳು, ಬಾಯಿ ಮುಚ್ಚಿಕೊಂಡು.

ಸಂಜೆಯೊಳಗೆ ಕಡ್ಡಿ ಮೇಸ್ತ್ರಿಯ ಹತ್ತಿರ ಹೋದಳು. ಬೇರೆ ಬಿಲ್ಲೆ ಹೊಡೆಸಿಕೊಡಿ, ಬಸುರಿ, ತಿಂಗಳು ತಿಂಗಳು ಏರ್ತೀನಿ ಎಂದಳು.

"ಒಂದು ಸಲ ಹೊಡೆದ್ರೆ ಮುಗೀತು," ಎಂದ ಮೇಸ್ತ್ರಿ. "ನೀನು ತಿಂಗಳು ತಿಂಗಳು ಏರ್ತೀಯ. ಇನ್ನೊಬ್ಬಳು ಹಬ್ಬಕ್ಕೆ ತಿಂದು ಏರ್ತಾಳೆ. ನಾನು ಬಿಲ್ಲೆ ಹೊಡೀತಾ ಕೂರ್ಲಾ, ನಲ್ಲಿ ಮಾಡ್ಲಾ?"

"ಹೊಟ್ಟೆ ಕಾಣಿಸ್ತಿದೆಯಲ್ಲ ಅಣ್ಣ."

"ಕಾಣಿಸುತ್ತೆ. ಒಳಗಿರೋದು ಮಗುವೋ ಮಾಲೋ, ಅದು ನನಗೆ ಹೇಗೆ ಗೊತ್ತಾಗಬೇಕು?"

ಆ ಸಂಜೆ ಕಡ್ಡಿ ಚಪ್ಪಲಿ ಬಿಡಲಿಲ್ಲ. ಬಳೆ ತೆಗೆಯಲಿಲ್ಲ. ಹಾಗೆಯೇ ತಕ್ಕಡಿ ಹತ್ತಿದಳು. ಗೇಟಿನ ಕಾವಲುಗಾರನನ್ನು ಎಲ್ಲರೂ ಗಂಟೆ ತಾತ ಎನ್ನುತ್ತಿದ್ದರು. ಕಿವಿ ಸ್ವಲ್ಪ ಮಂದವಾದ್ದರಿಂದ ಲೋಕವೆಲ್ಲ ಕಿವುಡು ಎಂದು ತಿಳಿದಿದ್ದ. ಪ್ರತಿಯೊಬ್ಬಳ ತೂಕವನ್ನೂ ಬೀದಿಗೆ ಕೇಳುವಂತೆ ಕೂಗುತ್ತಿದ್ದ. ಕಡ್ಡಿಯ ತೂಕ ಕೂಗಿದ. ಬಿಲ್ಲೆ ನೋಡಿದ. "ಎರಡು ಕಿಲೋ ಜಾಸ್ತಿ. ಪರದೆ," ಎಂದು ಕೂಗಿದ.

ಪರದೆಯ ಹಿಂದೆ ಕಡ್ಡಿಯ ಬಟ್ಟೆ ಅವಳ ಪಾದದ ಮೇಲೆ ಬಿತ್ತು. ಸಾಲಿನಲ್ಲಿ ನಿಂತವರು ನೆಲ ಬಿಟ್ಟು ಆಕಾಶ ನೋಡಿದರು. ಪರದೆ ಅಕ್ಕ ಸೊಂಟ ತಡವಿದಳು, ತೊಡೆ ತಡವಿದಳು, ಕಂಕುಳು ನೋಡಿದಳು. ಹೊಟ್ಟೆಯ ಹತ್ತಿರ ಕೈ ನಿಂತಿತು.

"ಏನೂ ಇಲ್ಲ ಮೇಸ್ತ್ರಿ," ಎಂದಳು.

ಮೇಸ್ತ್ರಿ ಪರದೆಯಾಚೆ ನಿಂತಿದ್ದ. "ಹೊಟ್ಟೆ ತಟ್ಟಿ ನೋಡು. ಟಣ್ ಅಂದ್ರೆ ಹೇಳು."

ಅವನ ಪಕ್ಕದಲ್ಲಿದ್ದ ಇಬ್ಬರು ಗಂಡಸರು ನಕ್ಕರು. ಪರದೆ ಅಕ್ಕ ನಜ್ಜಾದ ಬೆರಳುಗಳನ್ನು ಮಡಚಿ, ಕಡ್ಡಿಯ ಮುಖ ನೋಡದೆ, ಹೊಟ್ಟೆಯ ಮೇಲೆ ತಟ್ಟಿದಳು. ಬಾಗಿಲು ತಟ್ಟಿದ ಹಾಗೆ.

ಒಳಗಿನಿಂದ ತಿರುಗಿ ತಟ್ಟಿತು.

ಅಷ್ಟು ಜೋರಾಗಿ ಕಡ್ಡಿಗೂ ಅದುವರೆಗೆ ಗೊತ್ತಾಗಿರಲಿಲ್ಲ. ಪರದೆ ಅಕ್ಕ ಬೆಂಕಿ ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳು. ಬಗ್ಗಿ ಕಡ್ಡಿಯ ಬಟ್ಟೆಯನ್ನು ತಾನೇ ಎತ್ತಿ ಉಡಿಸಿದಳು.

"ಏನಂತೆ?" ಎಂದ ಮೇಸ್ತ್ರಿ.

"ಒಳಗಿರೋರು ಒದ್ದರು," ಎಂದಳು ಪರದೆ ಅಕ್ಕ. "ನನಗಲ್ಲ, ನಿಮಗೆ."

ಮನೆಗೆ ಹೋಗಿ ಕಡ್ಡಿ ಎಲ್ಲವನ್ನೂ ಅತ್ತೆಗೆ ಹೇಳಿದಳು. ಹೇಳುವಾಗ ಅಳಲಿಲ್ಲ. ಅತ್ತೆ ಸೌಟಿಗೆ ಕೈ ಹಾಕಿದಳು. "ಸೌಟು ಬೇಡ ಅತ್ತೆ," ಎಂದಳು ಕಡ್ಡಿ. "ನಾಳೆ ದೊಡ್ಡ ಡಬ್ಬಿ ಕಟ್ಟಿ."

ಮಾರನೆಯ ದಿನ ಮಧ್ಯಾಹ್ನ ಅವಳು ಅರ್ಧ ತಿಂದು ಅರ್ಧ ಉಳಿಸಿಕೊಂಡಳು. ಸಂಜೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಳು. ಗೇಟಿನಾಚೆ ಲಾರಿ ಬಂದು ನಿಂತಿತ್ತು. ಹೆಂಗಸರು ಹೋದ ಮೇಲೆ ಅದೇ ತಕ್ಕಡಿಯಲ್ಲಿ ಮೂಟೆಗಳನ್ನು ತೂಗಿ ಲಾರಿಗೆ ಏರಿಸುವುದು ದಿನದ ಪದ್ಧತಿ. ಇನ್ನೊಂದು ತಕ್ಕಡಿಗೆ ಖರ್ಚು ಮಾಡುವ ಜಾತಿಯಲ್ಲ ಧಣಿ.

ಕಡ್ಡಿ ತಕ್ಕಡಿ ಹತ್ತಿದಳು. ಗಂಟೆ ತಾತ ತೂಕ ಕೂಗಿದ. "ಪರದೆ," ಎಂದ.

ಕಡ್ಡಿ ಇಳಿಯಲಿಲ್ಲ. ಹಾಸಿನ ಮೇಲೆ ನಿಧಾನವಾಗಿ ಕೂತಳು. ಕಾಲು ಮಡಚಿದಳು. ದಿನವಿಡೀ ಕೂರುವ ರೀತಿಯೇ, ಅದರಲ್ಲಿ ಅವಳಿಗೆ ಹೊಸದೇನೂ ಇರಲಿಲ್ಲ. ಡಬ್ಬಿ ತೆರೆದಳು.

"ಏನಮ್ಮ ಇದು?" ಎಂದ ತಾತ.

"ಊಟ ತಾತ."

"ಇಲ್ಲೇನಾ?"

"ಇಲ್ಲೇ. ಎಷ್ಟು ತಿಂದೆ, ಎಷ್ಟು ಏರ್ದೆ, ಎಲ್ಲ ನಿಮ್ಮ ಕಣ್ಣೆದುರಿಗೆ ಆಗ್ಲಿ. ಆಮೇಲೆ ಕದ್ದಳು ಅನ್ನೋ ಮಾತು ಬರಬಾರದು."

ಮೊದಲ ತುತ್ತು ಬಾಯಿಗೆ ಹೋಯಿತು. ಡಬ್ಬಿ ಅವಳ ಮಡಿಲಲ್ಲೇ ಇತ್ತು, ಮುಳ್ಳು ಅಲ್ಲಾಡಲಿಲ್ಲ. ಅದು ತಾತನಿಗೆ ಸೋಜಿಗವಾಯಿತು. ಕನ್ನಡಕ ಒರೆಸಿ ಬಗ್ಗಿ ನೋಡಿದ. "ಅಷ್ಟೇ ಇದೆ," ಎಂದು ಬೀದಿಗೆಲ್ಲ ಕೂಗಿದ.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವಟವಟೆ ಮುಂದೆ ಬಂದು ತನ್ನ ಡಬ್ಬಿಯಲ್ಲಿ ಉಳಿದಿದ್ದ ಮೊಟ್ಟೆಯನ್ನು ಕಡ್ಡಿಯ ಡಬ್ಬಿಗೆ ಹಾಕಿದಳು. ಮುಳ್ಳು ಒಂದು ಕೂದಲೆಳೆ ಏರಿತು. "ಏರಿತು," ಎಂದು ಕೂಗಿದ ತಾತ. ಇನ್ನೊಬ್ಬಳು ಬಾಳೆಹಣ್ಣು ಇಟ್ಟಳು. "ಮತ್ತೆ ಏರಿತು." ಒಬ್ಬಳು ಕಡಲೆಕಾಯಿ ಸುರಿದಳು. ಒಬ್ಬಳ ಹತ್ತಿರ ಏನೂ ಇರಲಿಲ್ಲ, ಚೊಂಬಿನಲ್ಲಿ ನೀರು ತಂದಿಟ್ಟಳು. ತಾತನಿಗೆ ಹುರುಪು ಬಂತು. ಹರಾಜು ಕೂಗುವವನಂತೆ ಕೂಗತೊಡಗಿದ. ರಸ್ತೆಯಲ್ಲಿ ಹೋಗುವವರು ನಿಂತರು. ಲಾರಿಯವನು ಕೆಳಗಿಳಿದು ಬಂದು, "ಏನು ಮಾರ್ತಿದ್ದೀರಿ?" ಎಂದು ಕೇಳಿದ.

"ಏನೂ ಮಾರ್ತಿಲ್ಲಪ್ಪ," ಎಂದಳು ವಟವಟೆ. "ಬಸುರಿ ತೂಗ್ತಿದ್ದೀವಿ. ಈ ಕಾರ್ಖಾನೇಲಿ ಅದೂ ಮಾಲಂತೆ."

ಮೇಸ್ತ್ರಿ ಓಡಿ ಬಂದ. ಬೈದ. ಕೈ ಹಿಡಿದು ಎಳೆಯಲು ಬಗ್ಗಿದ. ಪರದೆ ಅಕ್ಕ ಅವನಿಗೂ ಕಡ್ಡಿಗೂ ನಡುವೆ ಬಂದು ನಿಂತಳು. ಕೈಯಲ್ಲಿ ಪರದೆಯ ಬಟ್ಟೆ ಇತ್ತು, ಹಗ್ಗದಿಂದ ಕಿತ್ತು ತಂದಿದ್ದಳು. ಅದನ್ನು ಮಡಚಿ ಕಡ್ಡಿಯ ಬೆನ್ನಿಗೆ ಒರಗಿಕೊಳ್ಳಲು ಕೊಟ್ಟಳು.

"ಮುಟ್ಟಬೇಡಿ ಮೇಸ್ತ್ರಿ," ಎಂದಳು. "ನಿನ್ನೆ ಒದ್ದದ್ದು ಸಾಲಲಿಲ್ವಾ?"

ಆಮೇಲೆ ಧಣಿಯೇ ಬಂದ. ಕತ್ತು ಉದ್ದ ಮಾಡಿ ಸಾಲು ನೋಡಿದ, ಲಾರಿ ನೋಡಿದ, ರಸ್ತೆಯಲ್ಲಿ ನೆರೆದ ಜನ ನೋಡಿದ. ಕೊನೆಗೆ ಕಡ್ಡಿಯನ್ನು ನೋಡಿದ.

"ಏಳಮ್ಮ. ಮಾಲು ಹೋಗ್ಬೇಕು."

"ಒಂದು ಮಾತು ಕೇಳ್ಬೇಕು ಧಣಿ," ಎಂದಳು ಕಡ್ಡಿ. ತುತ್ತು ನುಂಗಿಕೊಂಡೇ ಮಾತಾಡಿದಳು. "ಮೇಸ್ತ್ರಿ ಅಣ್ಣ ಕೇಳಿದ್ರು, ಹೊಟ್ಟೇಲಿರೋದು ಮಗುವೋ ಮಾಲೋ ಅಂತ. ನೀವೇ ಹೇಳಿಬಿಡಿ. ಮಾಲು ಅಂದ್ರೆ ಅದು ನಿಮ್ಮದು. ಹೊತ್ತು ಓಡಾಡೋದು ಇನ್ನು ನನ್ನಿಂದಾಗಲ್ಲ, ನೀವೇ ಇಟ್ಕೊಳ್ಳಿ. ರಾತ್ರಿ ಒದೆಯುತ್ತೆ, ಹುಳಿ ಕೇಳುತ್ತೆ, ಮಗ್ಗುಲು ಬದಲಾಯಿಸೋಕೆ ಬಿಡಲ್ಲ. ಹೆತ್ತು ಸಾಕಿ. ಮಗು ಅಂದ್ರೆ ನನ್ನದು. ನನ್ನದಾದ್ರೆ ನನ್ನ ಹೊಟ್ಟೆ ಮೇಲೆ ನಿಮ್ಮವರು ಯಾರೂ ಕೈ ಹಾಕಬಾರದು, ಅದನ್ನ ತೂಗಬಾರದು."

ಮಾಲು ಎನ್ನುವುದಕ್ಕೆ ಧಣಿಗೆ ನಾಲಿಗೆ ಏಳಲಿಲ್ಲ, ಅಷ್ಟು ಜನ ನೋಡುತ್ತಿದ್ದರು. ಮಗು ಎಂದರೆ ತಕ್ಕಡಿ ಸೋಲುತ್ತಿತ್ತು.

"ಸರಿ, ಸರಿ. ನಿನಗೊಬ್ಬಳಿಗೆ ಬಿಲ್ಲೆ ಬೇಡ. ಹೋಗು."

ಕಡ್ಡಿಗೆ ಬೇಕಾದದ್ದು ಸಿಕ್ಕಿತ್ತು. ಎದ್ದು ಹೋಗಬಹುದಿತ್ತು. ಬೆನ್ನೂ ನೋಯುತ್ತಿತ್ತು. ಸಾಲಿನ ಕಡೆ ತಿರುಗಿ ನೋಡಿದಳು. ವಟವಟೆ ಕೊರಳಿನ ಬಿಲ್ಲೆಯ ದಾರವನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಅವಳ ಹಿಂದೆ ಮುಂದಿನ ವರ್ಷದ ಬಸುರಿಯರೂ ಇದ್ದರು, ಬರಿಯ ಊಟದಿಂದ ದಪ್ಪಗಾಗುವ ಆಸೆಯವರೂ ಇದ್ದರು.

"ನನಗೊಬ್ಬಳಿಗೆ ಅಂದ್ರೆ ಏಳಲ್ಲ," ಎಂದಳು. "ಗಂಡಸರ ಗೇಟಲ್ಲಿ ಹೇಗೋ ಇಲ್ಲೂ ಹಾಗೆ. ತಕ್ಕಡಿ ಮೂಟೆ ಹತ್ತಿರ ಹೋಗ್ಲಿ."

"ಹೋಗದಿದ್ರೆ?"

"ಕೂತಿರ್ತೀನಿ. ಮುಳ್ಳು ಏರ್ತಾ ಇರಲಿ."

ಅಷ್ಟು ಹೊತ್ತಿಗೆ ಸುದ್ದಿ ಹಾಸ್ಟೆಲಿನವರೆಗೆ ಹೋಗಿ, ಅತ್ತೆ ದೊಡ್ಡದೊಂದು ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಜನರನ್ನು ಮೊಣಕೈಯಿಂದ ಸರಿಸುತ್ತ ಬಂದಳು. ಬಿಸಿ ಅನ್ನ, ಬೇಳೆ. ಧಣಿಗೂ ವಾಸನೆ ತಟ್ಟಿತು.

"ನೀನ್ಯಾರಮ್ಮ?" ಎಂದ.

"ಊಟದವಳು. ಇವಳು ಎಲ್ಲಿ ಕೂರ್ತಾಳೋ ಅಲ್ಲಿ ಬಡಿಸ್ತೀನಿ. ಇವತ್ತು ಇಲ್ಲಿ. ನಾಳೆ ಬೆಳಗ್ಗೆ ಇಲ್ಲೇ ಇದ್ರೆ ತಿಂಡಿ ತರ್ತೀನಿ. ನಿಮಗೆ ಮೂಟೆ ಕಾಯೋದು ರೂಢಿ ಇರ್ಬೇಕಲ್ಲ, ಕಾಯಿರಿ."

ಲಾರಿಯವನು ಹಾರ್ನ್ ಹೊಡೆದ. ತಡವಾದರೆ ಬೇರೆ ಬಾಡಿಗೆಗೆ ಹೋಗುವುದಾಗಿ ಹೇಳಿದ. ಧಣಿ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ತನ್ನ ಬೂಟನ್ನು ನೋಡಿದ. ಗಂಟೆ ತಾತ ಯಾರೂ ಕೇಳದಿದ್ದರೂ ಹೇಳಿದ, "ಧಣಿ, ಮುಳ್ಳು ಇಷ್ಟು ವರ್ಷದಲ್ಲಿ ಒಂದು ನಲ್ಲೀನೂ ಹಿಡಿದಿಲ್ಲ. ಕೂಗಿ ಕೂಗಿ ನನ್ನ ಗಂಟಲು ಹೋಗಿದ್ದು ಅಷ್ಟೇ."

"ತಕ್ಕಡಿ ಮೂಟೆ ಹತ್ತಿರ ತಗೊಂಡು ಹೋಗ್ರೋ," ಎಂದ ಧಣಿ. ಯಾರ ಮುಖವನ್ನೂ ನೋಡದೆ ಹೇಳಿದ.

ನಾಲ್ಕು ಜನ ಹಮಾಲರು ಬಂದು ತಕ್ಕಡಿಯ ನಾಲ್ಕು ಮೂಲೆಗೆ ನಿಂತರು. ಹೆಂಗಸರು ಕೊರಳಿನ ಬಿಲ್ಲೆಗಳನ್ನು ಬಿಚ್ಚುತ್ತ, ತಕ್ಕಡಿಯ ಪಕ್ಕದಿಂದ ಹಾದು, ಹೊರಗೆ ಹೋಗತೊಡಗಿದರು. ಹೋಗುವವರಲ್ಲಿ ಕೆಲವರು ನೀರಿನ ತೊಟ್ಟಿಯ ಹತ್ತಿರ ನಿಂತು, ಹೊಟ್ಟೆ ತುಂಬ ಕುಡಿದು ಹೋದರು.

"ಈಗಾದ್ರೂ ಏಳಮ್ಮ," ಎಂದ ಧಣಿ.

ಕಡ್ಡಿ ಅವನ ಕಡೆ ನೋಡಿದಳು. ಎಂಜಲು ಕೈಯನ್ನು ಎತ್ತಿ ತೋರಿಸಿದಳು.

"ಊಟದ ಮಧ್ಯೆ ಎಬ್ಬಿಸ್ತಾರಾ ಧಣಿ? ನಿಧಾನಕ್ಕೆ ಅಗಿದು ತಿನ್ಬೇಕಂತೆ."

ಹಮಾಲರು ಕೈ ಕಟ್ಟಿ ನಿಂತರು. ಲಾರಿ ನಿಂತಿತ್ತು. ಧಣಿ ನಿಂತಿದ್ದ. ಕಡ್ಡಿ ಡಬ್ಬಿಯ ತಳವನ್ನು ಬೆರಳಿನಿಂದ ಬಳಿದು ತಿಂದಳು, ಅದನ್ನು ಅತ್ತೆಯ ಮುಂದೆ ಚಾಚಿದಳು.

"ಇನ್ನೊಂದು ಸೌಟು ಹಾಕಿ ಅತ್ತೆ," ಎಂದಳು.